ಮೂವತ್ತು-ನಲವತ್ತರ ಸೈಟಿಗೆ ಎಪ್ಪತ್ತು ಚದರಡಿ ಪುಕ್ಕಟೆ

ನಕ್ಷೆಯ ವಿರೂಪ ಎಂದೊಡನೆ ಎಲ್ಲರೂ ಗ್ರೀನ್‌ಲ್ಯಾಂಡಿನ ಕಡೆ ಬೆರಳು ತೋರಿಸುತ್ತಾರೆ. ವಿಸ್ತೀರ್ಣದಲ್ಲಿ ಭಾರತದ ಮೂರನೇ ಎರಡರಷ್ಟೇ ಇರುವ ಆ ದ್ವೀಪ, ಮರ್ಕೇಟರ್ ನಕ್ಷೆಯಲ್ಲಿ ಭಾರತವನ್ನೇ ನುಂಗುವಂತೆ ಹಿಗ್ಗಿ ನಿಲ್ಲುತ್ತದೆ. 19ನೇ ಶತಮಾನದ ಫ್ರೆಂಚ್ ಗಣಿತಜ್ಞ ತಿಸ್ಸೊ ಕಲ್ಪಿಸಿದ ವೃತ್ತಗಳನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ಬರೆದರೆ ಈ ಹಿಗ್ಗುವಿಕೆ ಕಣ್ಣಿಗೇ ಕಾಣುತ್ತದೆ: ಭೂಮಿಯ ಮೇಲೆ ಸಮನಾದ ವೃತ್ತಗಳು ಧ್ರುವದತ್ತ ಹೋದಂತೆ ಉಬ್ಬುತ್ತವೆ. ಸೊಗಸಾದ ಚಿತ್ರವೇನೋ ಹೌದು, ಆದರೆ ವಿರೂಪವೆಂಬುದು ಹಿಮದೇಶಗಳ ತಾಪತ್ರಯ ಎಂಬ ಭ್ರಮೆಯನ್ನೂ ಅದೇ ಹುಟ್ಟಿಸುತ್ತದೆ. ಬೆಂಗಳೂರಿನಲ್ಲಿ ಜಯನಗರದಿಂದ ಜೆ.ಪಿ. ನಗರದವರೆಗೆ ಬರೆದ ವೃತ್ತಗಳೆಲ್ಲ ಒಂದೇ ಅಳತೆ, ಒಂದೇ ದುಂಡು. ಇಲ್ಲಿ ಕಣ್ಣನ್ನು ನಂಬಬಾರದು, ಅಂಕಿಯನ್ನು ಕೇಳಬೇಕು.

ವೆಬ್ ನಕ್ಷೆಗಳ ರೂಢಿಯ ಪ್ರಕ್ಷೇಪವಾದ ವೆಬ್ ಮರ್ಕೇಟರ್‌ನಲ್ಲಿ ಜಯನಗರ 4ನೇ ಬ್ಲಾಕಿನ ಸುತ್ತ ಒಂದು ಕಿಲೋಮೀಟರ್ ಬಫರ್ ಎಳೆಯಿರಿ. ಪರದೆಯ ಮೇಲೆ ಅಪ್ಪಟ ವೃತ್ತ. ನೆಲದ ಮೇಲೆ ಅದರ ತ್ರಿಜ್ಯ ಪೂರ್ವ-ಪಶ್ಚಿಮಕ್ಕೆ ಸುಮಾರು 975 ಮೀಟರ್, ಉತ್ತರ-ದಕ್ಷಿಣಕ್ಕೆ 969. ಮೊದಲ ಕೊರತೆ ಅಕ್ಷಾಂಶದ್ದು; ನಾವು ಸಮಭಾಜಕದಿಂದ 13 ಡಿಗ್ರಿ ದೂರದಲ್ಲಿದ್ದೇವೆ. ಆ ಆರು ಮೀಟರ್ ವ್ಯತ್ಯಾಸ ಮಾತ್ರ ವೆಬ್ ಮರ್ಕೇಟರ್‌ನ ಸ್ವಂತ ಸೋಮಾರಿತನ: ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯ ಮೇಲೆ ಅಳೆದ ಅಕ್ಷಾಂಶವನ್ನು ಅದು ದುಂಡು ಗೋಳದ ಸೂತ್ರಕ್ಕೆ ಹಾಕುತ್ತದೆ. ಹಳೆಯ ಮರ್ಕೇಟರ್‌ನ ಮೇಲೆ ಈ ಅಪವಾದ ಹೊರಿಸುವಂತಿಲ್ಲ. ಎರಡೂ ಸೇರಿ 1200 ಚದರಡಿಯ ಸೈಟು ಸುಮಾರು 1270 ಆಗುತ್ತದೆ. ಜಯನಗರದ ದರದಲ್ಲಿ ಎಪ್ಪತ್ತು ಚದರಡಿ ಎಂದರೆ ಸಣ್ಣ ಮಾತಲ್ಲ. ಅದೇ ಸೈಟನ್ನು ಯುಟಿಎಂ ಪ್ರಕ್ಷೇಪದ 43ನೇ ವಲಯದಲ್ಲಿ ಅಳೆದರೆ ಹೆಚ್ಚಾಗುವುದು ಒಂದೂವರೆ ಚದರಡಿಗಿಂತ ಕಡಿಮೆ.

ವೆಬ್ ನಕ್ಷೆ ನೋಡಿ ಯಾರೂ ಸೈಟು ನೋಂದಾಯಿಸುವುದಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಕೆರೆಯ ಮೀಸಲು ವಲಯದ ವಾದಗಳಲ್ಲಿ ನಕ್ಷೆಯ ಗೆರೆಯೇ ಮಾತಾಡುತ್ತದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿ, ಸುಪ್ರೀಂ ಕೋರ್ಟ್ 2019ರಲ್ಲಿ ತಳ್ಳಿಹಾಕಿದ 75 ಮೀಟರ್ ಗೆರೆಯನ್ನು ಮಡಿವಾಳ ಕೆರೆಯ ಸುತ್ತ ಹೀಗೆ ಎಳೆದರೆ ಎರಡು ಮೀಟರ್ ಖೋತಾ; ಒಂದು ಕಾಂಪೌಂಡು ಗೋಡೆ ಆಚೆಯೋ ಈಚೆಯೋ ಎಂದು ತೀರ್ಮಾನಿಸಲು ಅಷ್ಟು ಸಾಕು. ತಂತ್ರಾಂಶದ ಅಳತೆಪಟ್ಟಿ ತಾನೇ ತಿದ್ದಿಕೊಳ್ಳುತ್ತದೆ ಎಂಬ ಆಕ್ಷೇಪವೂ ಅರ್ಧ ಸರಿ. ಪಟ್ಟಿ ತಿದ್ದಿಕೊಳ್ಳುತ್ತದೆ, ಬಫರ್ ತಿದ್ದಿಕೊಳ್ಳುವುದಿಲ್ಲ. ಎರಡೂ ಒಂದೇ ಪರದೆಯ ಮೇಲೆ ಕೂತಿರುತ್ತವೆ.

ಹಾಗಾಗಿ ತಿಸ್ಸೊ ವೃತ್ತಕ್ಕಿಂತ ನನಗೆ ಮೆಚ್ಚುಗೆಯಾಗುವುದು ಬೇರೆ ಚಿತ್ರ: ಪ್ರತಿ ಚೌಕದ ಸಮತಲ ವಿಸ್ತೀರ್ಣವನ್ನು ನಿಜ ವಿಸ್ತೀರ್ಣದಿಂದ ಭಾಗಿಸಿ ಬಣ್ಣ ತುಂಬುವುದು. ಆಗ ಕರ್ನಾಟಕ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಚಾಮರಾಜನಗರದಲ್ಲಿ ಹೆಚ್ಚಳ ಶೇ 5ರ ಆಸುಪಾಸು, ಬನಶಂಕರಿಯಲ್ಲಿ ಶೇ 6ರ ಹತ್ತಿರ, ಬೀದರಿನಲ್ಲಿ ಸುಮಾರು ಶೇ 11.