ಬೊಮ್ಮ ಸಿಕ್ಕಿದ, ಅಶು?

ಅಮಿತಾವ್ ಘೋಷರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ಅರ್ಧದಷ್ಟು ನಮ್ಮ ಮಂಗಳೂರಿನ ಪುಸ್ತಕ. 12ನೇ ಶತಮಾನದಲ್ಲಿ ಇಲ್ಲಿದ್ದ ಯೆಹೂದಿ ವ್ಯಾಪಾರಿ ಬೆನ್ ಯಿಜುವಿನ ಗುಲಾಮನೊಬ್ಬನನ್ನು ಅವರು ಕೈರೋದ ಗೆನಿಜಾ ಪತ್ರಗಳಲ್ಲಿ ಹುಡುಕುತ್ತಾರೆ. ಸಿಕ್ಕಿದ್ದು ಮೂರಕ್ಷರದ ಹೆಸರು. ಬಿ.ಎ. ವಿವೇಕ ರೈಗಳ ನೆರವಿನಿಂದ ಅದನ್ನು ತುಳುವರ ಬೆರ್ಮೆರಿಗೆ ಜೋಡಿಸಿ ‘ಬೊಮ್ಮ’ ಅಂತ ಓದೋ ಭಾಗಕ್ಕೆ ನಾನು ಸಿಟಿ ಬಸ್ಸಲ್ಲಿ ಸ್ಟಾಪ್ ಮಿಸ್ ಮಾಡ್ಕೊಂಡೆ.

ತಕರಾರು ಇರೋದು ಬೇರೆ ಕಡೆ. ಆ ಕಾಲದ ಗುಲಾಮಗಿರಿ ಎಷ್ಟೋ ಸಲ ಕಸುಬು ಕಲಿಯೋ ಶಿಷ್ಯತನದ ಹಾಗಿತ್ತು ಅಂತಾರೆ ಘೋಷ್. ಯಜಮಾನನ ವ್ಯಾಪಾರಕ್ಕೆ ಏಡನ್‌ವರೆಗೆ ಹೋಗಿಬಂದ ಬೊಮ್ಮನಿಗೆ ಅದು ಒಪ್ಪಬಹುದು. ಅಶುವಿಗೆ? 1132ರಲ್ಲಿ ಬೆನ್ ಯಿಜು ಬಿಡುಗಡೆ ಪತ್ರ ಬರೆದುಕೊಟ್ಟ ದಾಸಿ ಅವಳು. ಆಮೇಲೆ ಮದುವೆಯಾದ ಅಂತ ಊಹೆ. ಅವಳ ಸೋದರನ ‘ನಾಯರ್’ ಅನ್ನೋ ಹೆಸರಿನಿಂದ ಘೋಷ್ ಮಲಬಾರಿನ ಕುಲ ಹಿಡಿಯುತ್ತಾರೆ. ಚಂದದ ಪತ್ತೇದಾರಿಕೆ. ಪ್ರೀತಿ ಅನ್ನೋಕೆ ಪುರಾವೆ ಸಾಲದು ಅಂತ ಹಿಂಜರಿಯುತ್ತಾರೆ ಕೂಡ. ಆದರೆ ಒಲ್ಲೆ ಅನ್ನೋಕೆ ಅವಳಿಗೆ ದಾರಿಯಿತ್ತಾ ಅನ್ನೋದರ ಮೇಲೆ ನಿಲ್ಲೋದಿಲ್ಲ.

ನಮ್ಮೂರ ಗುತ್ತಿನ ಮನೆಯ ಹಳೇ ಲೆಕ್ಕಪುಸ್ತಕ ನೋಡಿದ್ದೇನೆ. ಮೂಲದ ಆಳುಗಳು ಸಿಗ್ತಾರೆ: ಒಂದು ಹೆಸರು, ಅಳೆದುಕೊಟ್ಟ ಸೇರು ಅಕ್ಕಿ. ಹೆಣ್ಣಾಳುಗಳಿಗೆ ಹೆಸರೂ ಇಲ್ಲ, ‘ಅವನ ಹೆಂಡತಿ’ ಅಷ್ಟೇ.