ರಷ್ಯನ್ ಕಿವಿಗೆ ಬಿದ್ದ ಅರ್ಮೇನಿಯಾ

ವಸಿಲಿ ಗ್ರಾಸ್‌ಮನ್ 1961ರಲ್ಲಿ ಅರ್ಮೇನಿಯಾಕ್ಕೆ ಹೋದದ್ದು ಹೊಟ್ಟೆಪಾಡಿನ ಕೆಲಸಕ್ಕೆ. ಅವನ ದೊಡ್ಡ ಕಾದಂಬರಿಯ ಹಸ್ತಪ್ರತಿಯನ್ನು ಅದೇ ವರ್ಷ ಕೆಜಿಬಿಯವರು ಹೊತ್ತೊಯ್ದಿದ್ದರು. ಹ್ರಾಚ್ಯಾ ಕೋಚಾರ್ ಎಂಬ ಅರ್ಮೇನಿಯನ್ ಲೇಖಕನ ಕಾದಂಬರಿಯೊಂದನ್ನು ಯಾರೋ ಪದಕ್ಕೆ ಪದ ಇಟ್ಟು ರಷ್ಯನ್‌ಗೆ ತಂದಿದ್ದರು. ಅದನ್ನು ಓದುವ ಹಾಗೆ ತಿದ್ದಿಕೊಡಬೇಕಿತ್ತು. ಅವನಿಗೆ ಅರ್ಮೇನಿಯನ್ ಬಾರದು. ಬರಬೇಕು ಅಂತ ಯಾರೂ ಕೇಳಲೂ ಇಲ್ಲ. ಸೋವಿಯತ್ ಸಾಹಿತ್ಯದ ಕಾರಖಾನೆ ನಡೆಯುತ್ತಿದ್ದದ್ದೇ ಹಾಗೆ.

ಆ ಎರಡು ತಿಂಗಳ ವಾಸದಿಂದ ಹುಟ್ಟಿದ ಪ್ರವಾಸ ಕಥನದ ಹೆಸರು 'ದೊಬ್ರೊ ವಾಮ್'. ನಿಮಗೆ ಒಳ್ಳೆಯದಾಗಲಿ ಅಂತ ಅರ್ಥ. ಅರ್ಮೇನಿಯನ್ನರು ಎದುರು ಸಿಕ್ಕಾಗ ಹೇಳುವ ನಮಸ್ಕಾರವನ್ನೇ ರಷ್ಯನ್‌ಗೆ ತಿರುಗಿಸಿದ್ದು. ಯಹೂದಿಗಳ ಮೇಲಿನ ದ್ವೇಷದ ಬಗ್ಗೆ ಬರೆದ ಸಾಲುಗಳನ್ನು ತೆಗೆಯಲು ಅವನು ಒಪ್ಪದ್ದರಿಂದ ಪುಸ್ತಕ ನಿಂತುಹೋಯಿತು. ಅವನು 1964ರಲ್ಲಿ ತೀರಿಕೊಂಡ. ಮರುವರ್ಷ ಕತ್ತರಿ ಬಿದ್ದೇ ಅದು ಹೊರಬಂತು. ಚೆನ್ನೈಯಲ್ಲಿ ಕೂತು ನಾನು ಓದಿದ್ದು 2013ರ ಇಂಗ್ಲಿಷ್ ಅನುವಾದ. ಅರ್ಮೇನಿಯಾ ನನಗೆ ಮೂರನೇ ಕೈಯಿಂದ ಸಿಕ್ಕಿದೆ ಅನ್ನಿ.

ಪುಸ್ತಕ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕಲ್ಲಿನ ಬಗ್ಗೆ, ಯೆರೆವಾನಿನ ತಲೆಯ ಮೇಲೆ ನಿಂತಿದ್ದ ಸ್ಟಾಲಿನ್ ಪ್ರತಿಮೆಯ ಬಗ್ಗೆ (ಅದನ್ನು 1962ರಲ್ಲಿ ಇಳಿಸಿದರು) ಬರೆದ ಪುಟಗಳನ್ನು ಮರೆಯಲಾಗುವುದಿಲ್ಲ. ನನ್ನ ತಕರಾರು ಬೇರೆ. ರಷ್ಯನ್ ಬಲ್ಲ ಅರ್ಮೇನಿಯನ್ನರು ಇಲ್ಲಿ ಮಾತಾಡುತ್ತಾರೆ, ವಾದಿಸುತ್ತಾರೆ. ರಷ್ಯನ್ ಬಾರದವರು ಬರೀ ಮುಖಗಳಾಗಿ ಉಳಿಯುತ್ತಾರೆ, ಕಣ್ಣು, ಸುಕ್ಕು, ಕೈಸನ್ನೆ. ಕೊನೆಯಲ್ಲಿ ಅರಗಾತ್ಸ್ ಬೆಟ್ಟದ ಹಳ್ಳಿಯ ಮದುವೆಮನೆಯಲ್ಲಿ ರೈತಾಪಿ ಜನ ಯಹೂದಿಗಳ ಸಂಕಟಕ್ಕೆ ಮರುಗುವ ಭಾಗವಿದೆ. 1915ರ ನರಮೇಧವನ್ನು ಕಂಡ ಜನ ಅವರು. ಕೇಳುತ್ತಾ ಕೂತ ಗ್ರಾಸ್‌ಮನ್‌ನ ತಾಯಿಯನ್ನು ನಾತ್ಸಿಗಳು 1941ರಲ್ಲಿ ಕೊಂದಿದ್ದರು. ಅಲ್ಲಿಯೂ ಮಾತು ಮುಟ್ಟುವುದು ರಷ್ಯನ್ ಆಗಿ. ಆ ಹಳ್ಳಿಯವರು ನಿಜಕ್ಕೂ ಯಾವ ಪದ ಬಳಸಿದರೋ! ಅರ್ಮೇನಿಯನ್ ಬುದ್ಧಿಜೀವಿಗಳ ಜನಾಂಗಾಭಿಮಾನವನ್ನು ಕಂಡರೆ ಅವನಿಗೆ ಸಿಡುಕು. ಸಿಡುಕಿನಲ್ಲಿ ಹುರುಳಿದೆ. ಆದರೆ ಮಾತೃಭಾಷೆಯ ಹೆಮ್ಮೆ ಅತಿಯಾಯಿತು ಅಂತ ಹೇಳುವುದು, ಎಲ್ಲಿ ಹೋದರೂ ತನ್ನ ಭಾಷೆಯೇ ನಡೆಯುವವನಿಗೆ ಎಷ್ಟು ಸಲೀಸು! ಚೆನ್ನೈಯಲ್ಲಿ ಇಪ್ಪತ್ತು ವರ್ಷ ಇದ್ದೂ ತಮಿಳು ಕಾದಂಬರಿಯನ್ನು ಇಂಗ್ಲಿಷಿನಲ್ಲೇ ಓದುವ ನಮ್ಮ ಕನ್ನಡಿಗರೂ ಇದನ್ನು ಸ್ವಲ್ಪ ಯೋಚಿಸಬಹುದು. ಅವನಿಗಿಂತ ಮೊದಲು, 1930ರಲ್ಲಿ, ಅಲ್ಲಿಗೆ ಹೋಗಿದ್ದ ಕವಿ ಮಂಡೆಲ್‌ಸ್ಟಾಮ್ ಅರ್ಮೇನಿಯನ್ ಕಲಿಯಲು ಹೆಣಗಿದ. ಐದು ವರ್ಷ ಬತ್ತಿದ್ದ ಅವನ ಕಾವ್ಯ ಆ ಪ್ರವಾಸದ ನಂತರವೇ ಮತ್ತೆ ಹರಿಯಿತು.

ರಷ್ಯಾ ಅರ್ಮೇನಿಯನ್ನನ್ನು ತುಳಿದುಹಾಕಿತು ಅಂತ ಒಂದೇ ಏಟಿಗೆ ಹೇಳುವ ಹಾಗೂ ಇಲ್ಲ. ಸೋವಿಯತ್ ಒಕ್ಕೂಟದ ಎಷ್ಟೋ ಭಾಷೆಗಳಿಗೆ ಸಿರಿಲಿಕ್ ಲಿಪಿ ತೊಡಿಸಿದರು. ಐದನೇ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಾಷ್ಟೊಟ್ಸ್ ರೂಪಿಸಿದ ಅಕ್ಷರಗಳು ಮಾತ್ರ ಉಳಿದವು. ಉಳಿದವು, ಆದರೆ 1922ರಲ್ಲಿ ಕಾಗುಣಿತ ಬದಲಾಯಿತು, 1940ರಲ್ಲಿ ಅದನ್ನು ಮತ್ತೆ ತಿದ್ದಿದರು. ಬೈರೂತ್, ಪ್ಯಾರಿಸ್ ಕಡೆ ಚದುರಿದ ಅರ್ಮೇನಿಯನ್ನರು ಹಳೆಯದನ್ನೇ ಹಿಡಿದುಕೊಂಡರು. ಇವತ್ತಿಗೂ ಊರಿನವರದ್ದೊಂದು ಕಾಗುಣಿತ, ಹೊರಗಿನವರದ್ದೊಂದು. ಹೊರಗಿನವರು ಆಡುವ ಪಶ್ಚಿಮ ಅರ್ಮೇನಿಯನ್ನನ್ನು ಯುನೆಸ್ಕೋ ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ.

ಹೊರಗಿನವರು ಅಂದೆನಲ್ಲ, ಆ ಹೊರಗು ಇಲ್ಲಿಯೂ ಇತ್ತು. ಚೆನ್ನೈನ ಜಾರ್ಜ್‌ಟೌನಿನಲ್ಲಿ ಅರ್ಮೇನಿಯನ್ ಸ್ಟ್ರೀಟ್ ಇದೆ, 1772ರಲ್ಲಿ ಕಟ್ಟಿದ ಇಗರ್ಜಿ ಇದೆ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಅನ್ನು ಪಾದ್ರಿ ಹರುತ್ಯುನ್ ಶ್ಮಾವೊನ್ಯಾನ್ 1794ರಲ್ಲಿ ಅಚ್ಚು ಹಾಕಿದ್ದು ಈ ಮದ್ರಾಸಿನಲ್ಲೇ. ಯೆರೆವಾನ್ ರಷ್ಯಾದ ವಶಕ್ಕೆ ಬಂದದ್ದು ಆಮೇಲೆ, 1828ರ ಒಪ್ಪಂದದಿಂದ. ತಮಿಳರ ಬಾಯಲ್ಲಿ ಈ ಬೀದಿ 'ಅರಣ್ಮನೈಕ್ಕಾರನ್ ತೆರು' ಆಗಿದೆ. ಅರ್ಮೇನಿಯನ್ ಅಂದದ್ದು ಅವರಿಗೆ ಅರಮನೆ ಅಂತ ಕೇಳಿಸಿತು. ಗ್ರಾಸ್‌ಮನ್ ಒಬ್ಬನನ್ನೇ ಏಕೆ ದೂರಬೇಕು ಅಂತಲೂ ಅನ್ನಿಸುತ್ತದೆ.

ಸ್ವತಂತ್ರವಾದ ಮೇಲೆ, 1993ರ ಕಾನೂನು ಅರ್ಮೇನಿಯನ್ನನ್ನು ರಾಜ್ಯಭಾಷೆ ಮಾಡಿತು. ಗ್ಯುಮ್ರಿಯಲ್ಲಿ ರಷ್ಯದ ಸೇನಾ ನೆಲೆ ಮಾತ್ರ ಉಳಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸಾವಿರಾರು ರಷ್ಯನ್ನರು ಯೆರೆವಾನಿಗೆ ಬಂದು ಇಳಿದರು. 2023ರ ಸೆಪ್ಟೆಂಬರಿನಲ್ಲಿ, ರಷ್ಯದ ಶಾಂತಿಪಾಲಕರು ಅಲ್ಲೇ ಇದ್ದರೂ, ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ನಾಗೋರ್ನೊ ಕಾರಬಾಖ್ ಬಿಟ್ಟು ಓಡಬೇಕಾಯಿತು. ಇದನ್ನೆಲ್ಲ ಅರ್ಮೇನಿಯನ್ನರು ತಮ್ಮ ಭಾಷೆಯಲ್ಲಿ ಬರೆದಿರಲೇಬೇಕು. ನಮ್ಮವರೆಗೆ ಅದು ಯಾರ ಕೈದಾಟಿ ಬರುತ್ತದೋ. ಗ್ರಾಸ್‌ಮನ್ ತಿದ್ದಿಕೊಟ್ಟ ಆ ಕೋಚಾರನ ಕಾದಂಬರಿಗೆ ಇಲ್ಲಿನ ಪುಸ್ತಕದಂಗಡಿಗಳಲ್ಲಿ ವಿಚಾರಿಸಿದೆ. ಎಲ್ಲ ಕಡೆಯೂ ತೆಗೆದು ತೋರಿಸಿದ್ದು ಗ್ರಾಸ್‌ಮನ್‌ನನ್ನೇ.