ಕೃತಜ್ಞತೆಯ ಸಾಲಿಲ್ಲದ ಹರಕೆಚಿತ್ರ

ವೇಳಾಂಗಣ್ಣಿ ಮಾತೆಯ ಪುಣ್ಯಕ್ಷೇತ್ರದಲ್ಲಿ ಸಂತಾನಕ್ಕಾಗಿ ಹರಕೆ ಹೊತ್ತವರು ಅರ್ಪಿಸುವ ಪುಟ್ಟ ತೊಟ್ಟಿಲುಗಳನ್ನು ನೀವು ಕಂಡಿರಬಹುದು. ಮೆಕ್ಸಿಕೊ ದೇಶದ ಕಥೋಲಿಕರಲ್ಲಿ ಹರಕೆಗೆ ಚಿತ್ರದ ರೂಪವೂ ಉಂಟು. ತಮಗೊದಗಿದ ಸಂಕಟವನ್ನು ತಗಡಿನ ಮೇಲೆ ಚಿತ್ರಿಸಿ, ಮೇಲೆ ಸಂತರನ್ನೂ ಕೆಳಗೆ ಕೃತಜ್ಞತೆಯ ಸಾಲುಗಳನ್ನೂ ಇರಿಸಿ ದೇವಾಲಯಕ್ಕೆ ಒಪ್ಪಿಸುತ್ತಾರೆ. ಕಲಾವಿದೆ ಫ್ರೀಡಾ ಕಾಹ್ಲೊ 1932ರಲ್ಲಿ ಇದೇ ಮಾದರಿಯಲ್ಲಿ, ಲೋಹದ ಹಾಳೆಯ ಮೇಲೆ, ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಎಂಬ ಚಿತ್ರವನ್ನು ರಚಿಸಿದರು.

1925ರ ಬಸ್ ಅಪಘಾತದಲ್ಲಿ ಅವರ ಸೊಂಟದ ಎಲುಬು ಮುರಿದಿತ್ತು. 1930ರ ಗರ್ಭವು ವೈದ್ಯಕೀಯ ಕಾರಣದಿಂದ ಹೆರಿಗೆಯವರೆಗೆ ಸಾಗಲಿಲ್ಲ. ಮತ್ತೆ ಗರ್ಭಿಣಿಯಾದಾಗ ಮೊದಲು ಅಂಜಿದರೂ ಬಳಿಕ ಮಗುವನ್ನು ಬಯಸಿದರು. 1932ರ ಜುಲೈ 4ರಂದು ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಅವರಿಗೆ ಗರ್ಭಸ್ರಾವವಾಯಿತು.

ಚಿತ್ರದಲ್ಲಿ ರಕ್ತಸಿಕ್ತ ಮಂಚವಿದೆ. ಕೆನ್ನೆಯ ಮೇಲೆ ದೊಡ್ಡದೊಂದು ಕಣ್ಣೀರ ಹನಿ. ಕೈಯಲ್ಲಿ ಹಿಡಿದ ಕೆಂಪು ದಾರಗಳ ತುದಿಯಲ್ಲಿ ಭ್ರೂಣ, ಬಸವನಹುಳು, ಆರ್ಕಿಡ್ ಹೂ, ಸೊಂಟದ ಎಲುಬು ಮೊದಲಾದವು. ಸಂತರಿರಬೇಕಾದ ಎಡೆಯಲ್ಲಿ ಯಾವ ಸಂತರೂ ಇಲ್ಲ. ಕೃತಜ್ಞತೆಯ ಸಾಲಿಗೆ ಬದಲಾಗಿ ಮಂಚದ ಅಂಚಿನಲ್ಲಿ ಆಸ್ಪತ್ರೆ ಹಾಗೂ ಊರಿನ ಹೆಸರು, ತಿಂಗಳು, ವರ್ಷ.

ಇದನ್ನು ಅವಿಶ್ವಾಸವೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಓದಲಾರೆ. 88ನೆಯ ಕೀರ್ತನೆಯೂ ಕೃತಜ್ಞತೆಯಿಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಧರ್ಮಸಭೆಯು ಅದನ್ನು ಶುಕ್ರವಾರದ ರಾತ್ರಿಯ ಪ್ರಾರ್ಥನೆಯಲ್ಲಿ ಇರಿಸಿಕೊಂಡಿದೆ. ಹರಕೆಯ ತೊಟ್ಟಿಲು ಬೇಡಿಕೆಯನ್ನೋ ಈಡೇರಿಕೆಯನ್ನೋ ಹೇಳುತ್ತದೆ. ಇವೆರಡರ ನಡುವಿನ ನಷ್ಟವನ್ನು ಈ ಚಿತ್ರ ಹೇಳುತ್ತದೆ. ಅದೇ ಇದರ ಹಿರಿಮೆ.

ಕೊರತೆಯೊಂದನ್ನೂ ಹೇಳಬೇಕು. ಪತಿ ಡಿಯೆಗೊ ರಿವೆರಾ ಚಿತ್ರದಲ್ಲಿಲ್ಲ. ಮಡದಿಯ ಏಕಾಂತ ಇದರಿಂದ ತೀವ್ರವಾಗುತ್ತದೆ, ನಿಜ. ಆದರೆ ಕಳೆದುಕೊಂಡವರು ಇಬ್ಬರು ಎಂಬ ಸತ್ಯ ಚೌಕಟ್ಟಿನ ಹೊರಗುಳಿಯುತ್ತದೆ.

ಮತ್ತೊಮ್ಮೆ ಮಗುವಿಗಾಗಿ ಹಂಬಲಿಸುವ ದಂಪತಿಗಳಿಗೆ ನಾವು, “ಇನ್ನೊಂದು ಆಗುತ್ತದೆ, ಬಿಡಿ” ಎನ್ನುತ್ತೇವೆ. ಒಮ್ಮೆ ಗರ್ಭ ಕಳೆದುಕೊಂಡವರಲ್ಲಿ ಹೆಚ್ಚಿನವರು ಮುಂದೆ ಆರೋಗ್ಯವಂತ ಮಗುವನ್ನು ಹೆರುತ್ತಾರೆ, ಹೌದು. ಕಾಹ್ಲೊ ಅವರಿಗೆ ಆ ಭಾಗ್ಯ ಒದಗಲಿಲ್ಲ. 1954ರಲ್ಲಿ ಅವರು ಮಕ್ಕಳಿಲ್ಲದೆಯೇ ತೀರಿಕೊಂಡರು. ಆದ್ದರಿಂದ ಅಂಥ ಭರವಸೆ ನಾವು ಕೊಡತಕ್ಕದ್ದಲ್ಲ. ಇನ್ನೊಂದು ಮಗು ಹುಟ್ಟಿದರೂ ಅದು ಹೋದ ಮಗುವಿಗೆ ಬದಲಿಯಲ್ಲ. ಅದು ತಾನಾಗಿಯೇ ಬರುವ ಇನ್ನೊಂದು ಜೀವ.

ನಿಮ್ಮ ಮನೆಯ ಸೊಸೆಯೋ ಮಗಳೋ ಈ ನೋವಿನಲ್ಲಿದ್ದರೆ, “ವಿಶೇಷ ಏನಾದರೂ ಉಂಟೇ?” ಎಂದು ತಿಂಗಳು ತಿಂಗಳೂ ಕೇಳದಿರಿ. “ಹೋದ ಕೂಸನ್ನು ನೆನೆದು, ನಿಮ್ಮಿಬ್ಬರಿಗಾಗಿ ಒಂದು ಬಲಿಪೂಜೆ ಅರ್ಪಿಸೋಣವೇ?” ಎಂದು ಕೇಳಿ.